ಮನೆಯ ನೆಟ್ ಬದಲಿಸುವ ಮುನ್ನ ಮಳೆಗಾಲದ ಲೆಕ್ಕ ಹಾಕಿ

ಹಿಂದಿನ ವರ್ಷ ಮುಂಗಾರಿಗೆ ತುಸು ಮುಂಚೆ ನಾನು ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯ ಅಡಿಕೆ ತೋಟವೊಂದಕ್ಕೆ ಹೋಗಿದ್ದೆ. ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ ಮೊದಲನೆಯ ಬೋರ್ಡೋ ಸಿಂಪರಣೆ ಮುಗಿಸಿಕೊಳ್ಳಿ ಎಂದು ಹೇಳುವುದು ನನ್ನ ಉದ್ದೇಶ. ಯಜಮಾನರು ಮೈಲುತುತ್ತದ ಚೀಲ ತೋರಿಸುವರೆಂದುಕೊಂಡಿದ್ದೆ. ಅವರು ಒಳಗಿನಿಂದ ತಂದದ್ದು ಇಂಟರ್‌ನೆಟ್ ಬಿಲ್ಲು.

"ಸಾಹೇಬ್ರೆ, ಸಿಂಪರಣೆ ನಾಳೆಯೇ ಆಗ್ತದೆ. ಮೊದಲು ಇದನ್ನು ನೋಡಿ. ಸೇರುವಾಗ ಹೇಳಿದ್ದು 499. ಈಗ 699 ಅಂತೆ, ಮೇಲೆ ತೆರಿಗೆ ಬೇರೆ. ಪಕ್ಕದ ಕೇರಿಯ ಕೇಬಲ್‌ನವರು 399ಕ್ಕೆ ಕೊಡ್ತೇನೆ ಅಂತಾರೆ. ಇದನ್ನು ಕಿತ್ತು ಹಾಕ್ಲಾ?"

ಕೀಳಲಿ ಎಂದು ಹೇಳಿ ಬರಬಹುದಿತ್ತು. ಆದರೆ ಆ ಮನೆಯ ಸಂಗತಿ ನನಗೆ ಗೊತ್ತಿತ್ತು. ಅವರ ಮಗ ಬೆಂಗಳೂರಿನ ಕಂಪನಿಯೊಂದರ ನೌಕರ. 2020ರ ಕೊರೊನಾ ಕಾಲದಲ್ಲಿ ಊರಿಗೆ ಬಂದವನು ಮನೆಯಿಂದಲೇ ಕೆಲಸ ಮಾಡುತ್ತ ಇಲ್ಲಿಯೇ ನಿಂತಿದ್ದಾನೆ. ಬೆಳಗಿನ ಹೊತ್ತು ತೋಟಕ್ಕೆ ನೀರು, ಹಟ್ಟಿಯ ಕೆಲಸ. ಒಂಬತ್ತರ ಮೇಲೆ ಕಂಪ್ಯೂಟರು. ನೆಟ್ ಸರಿಯಾಗಿರುವ ತನಕ ಮಾತ್ರ ಈ ಏರ್ಪಾಡು ಎಂದು ಕಂಪನಿಯವರು ಮೊದಲೇ ಹೇಳಿದ್ದಾರೆ. ನೆಟ್ ಕೈಕೊಟ್ಟರೆ ಮಗ ಬೆಂಗಳೂರಿಗೆ, ತೋಟ ಅರವತ್ತೆಂಟು ವರ್ಷದ ಯಜಮಾನರ ಹೆಗಲಿಗೆ. ಹಾಗಾಗಿ ತಿಂಗಳಿಗೆ ಮುನ್ನೂರು ಉಳಿಸುವ ಪ್ರಶ್ನೆ ಅದೊಂದೇ ಆಗಿರಲಿಲ್ಲ.

ಇಂಥ ಪ್ರಶ್ನೆ ಹೊನ್ನಾವರ, ಕುಮಟಾ ಕಡೆಯ ಹಳ್ಳಿಗಳಲ್ಲಿಯೂ ಈಗ ಕೇಳಿಬರುತ್ತಿದೆ. ಬೀಜ ಗೊಬ್ಬರದ ಮನುಷ್ಯನಿಗೆ ಇದರಲ್ಲೇನು ಕೆಲಸ ಎನ್ನಬೇಡಿ. ಪಹಣಿ, ಬೆಳೆ ಸಮೀಕ್ಷೆ, ಪಿಎಂ ಕಿಸಾನ್ ದೃಢೀಕರಣ, ಕುಮಟಾ ಪೇಟೆಯ ಚಾಲಿ ಅಡಿಕೆ ಧಾರಣೆ ಎಲ್ಲವೂ ಇದರ ಮೂಲಕವೇ ಬರುವ ಕಾಲ. ಬೇಸಾಯದ ಖರ್ಚಿನ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಬರೆಯಬೇಕಾಗಿದೆ.

ಬೆಲೆ ಏರಿದ ಬಗೆ

2020ರ ಸೆಪ್ಟೆಂಬರಿನಲ್ಲಿ ಜಿಯೊ ಕಂಪನಿ ತಿಂಗಳಿಗೆ 399 ರೂಪಾಯಿಗೆ 30 ಎಂಬಿಪಿಎಸ್ ವೇಗದ ಮನೆ ಸಂಪರ್ಕವನ್ನೂ ಏರ್‌ಟೆಲ್ 499ಕ್ಕೆ 40 ಎಂಬಿಪಿಎಸ್ ಸಂಪರ್ಕವನ್ನೂ ಕೊಡತೊಡಗಿದವು. ಮರು ತಿಂಗಳೇ ಬಿಎಸ್ಎನ್ಎಲ್ 449ಕ್ಕೆ 30 ಎಂಬಿಪಿಎಸ್ ಎಂದಿತು. ಈ ಪೈಪೋಟಿಯಿಂದ ನಮಗೆ ಲಾಭವೇ ಆಯಿತು. ಮುಂದೆ 2024ರ ಜುಲೈ ಮೊದಲ ವಾರದಲ್ಲಿ ಖಾಸಗಿ ಕಂಪನಿಗಳು ಮೂರೂ ಒಟ್ಟಿಗೆ ಮೊಬೈಲ್ ದರ ಏರಿಸಿದವು. ಜಿಯೊದ 239 ರೂಪಾಯಿಯ 28 ದಿನದ ರೀಚಾರ್ಜ್ 299 ಆಯಿತು. ಬಿಎಸ್ಎನ್ಎಲ್ ಆಗ ದರ ಏರಿಸಲಿಲ್ಲ. ಜನ ಆ ಕಡೆ ತಿರುಗಿದರು. ದೇಶದಲ್ಲಿ ಆ ಒಂದು ಜುಲೈ ತಿಂಗಳಲ್ಲಿ ಅದಕ್ಕೆ ಹೆಚ್ಚಿದ ಗ್ರಾಹಕರು ಸುಮಾರು 29 ಲಕ್ಷ. ಆಗಸ್ಟಿನಲ್ಲಿ ಮತ್ತೆ 25 ಲಕ್ಷ. ನವೆಂಬರಿಗೆ ಬಂದಾಗ ಹೆಚ್ಚುವುದು ನಿಂತು ಸುಮಾರು ಮೂರು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ ಜಾಲದ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ರಂದು. ಅಗ್ಗವೆಂದು ಹೋದವರಲ್ಲಿ ಅನೇಕರಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ. ಇದು ಆ ಸಂಸ್ಥೆಯ ದೂರಲ್ಲ. ಅದೇ ಬಿಎಸ್ಎನ್ಎಲ್ ಬಿಟ್ಟರೆ ಬೇರೆ ಸಿಗ್ನಲ್ಲೇ ಇಲ್ಲದ ಕಣಿವೆಗಳು ಘಟ್ಟದ ಬುಡದಲ್ಲಿ ಉಂಟು. ಬೀಜದಂತೆ ನೆಟ್ಟೂ ನೆಲ ನೋಡಿ ಬರುತ್ತದೆ.

ಗಮನಿಸತಕ್ಕ ಒಂದು ವ್ಯತ್ಯಾಸವಿದೆ. ಮೊಬೈಲ್ ರೀಚಾರ್ಜಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಮನೆಯ ತಂತಿ ಸಂಪರ್ಕಕ್ಕೆ ಜಾಹೀರಾತಿನಲ್ಲಿ ಹೇಳುವ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ. 699 ಎಂದರೆ ಕೈಯಿಂದ ಹೋಗುವುದು 825 ರೂಪಾಯಿ. 399 ಎಂದರೆ 471. ಇನ್ನು ಮೊಬೈಲಿನ "ತಿಂಗಳು" 28 ದಿನದ್ದು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಕಟ್ಟಬೇಕು. 299ರ ರೀಚಾರ್ಜು ವರ್ಷಕ್ಕೆ 3,887 ರೂಪಾಯಿ ಆಗುತ್ತದೆ. ಮನೆಯಲ್ಲಿ ಮೂರು ಫೋನಿದ್ದರೆ 11,661.

ಜಗಲಿಯ ಮೇಲೆ ಹಾಕಿದ ಲೆಕ್ಕ

ಯಜಮಾನರ ಮೊಮ್ಮಗಳ ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆವು. ಹಳೆಯದೇ ಮುಂದುವರಿದರೆ ವರ್ಷಕ್ಕೆ 9,898 ರೂಪಾಯಿ. ಕೇಬಲ್‌ನವರದು 5,650. ಉಳಿತಾಯ 4,248. "ಮತ್ತೇಕೆ ತಡ?" ಎಂದರು ಯಜಮಾನರು.

ತಡ ಏಕೆಂದರೆ, ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೆ. ಬೆಲೆ ಏರಿಸಿದರೆಂಬ ಸಿಟ್ಟಿಗೆ ನನ್ನ ಬಾಡಿಗೆ ಮನೆಯ ಹಳೆಯ ಸಂಪರ್ಕವನ್ನು ಅದೇ ದಿನ ಮುಚ್ಚಿಸಿದೆ. "ನಾಳೆ ಬರ್ತೇವೆ" ಎಂದಿದ್ದ ಹೊಸಬರು ತಂತಿ ಎಳೆದದ್ದು ಹತ್ತೊಂಬತ್ತನೆಯ ದಿನ. ಹಳೆಯ ಪೆಟ್ಟಿಗೆಯನ್ನು ರಸೀದಿ ಇಲ್ಲದೆ ಯಾರೋ ಹುಡುಗನ ಕೈಗೆ ಕೊಟ್ಟಿದ್ದೆ. ಎರಡು ತಿಂಗಳ ಮೇಲೆ ಪೆಟ್ಟಿಗೆ ಬಂದಿಲ್ಲ, ದುಡ್ಡು ಕಟ್ಟಿ ಎಂದು ಕಾಗದ ಬಂತು. ರೈತರಿಗೆ ಎಲ್ಲದಕ್ಕೂ ರಸೀದಿ ಇಟ್ಟುಕೊಳ್ಳಿ ಎಂದು ಹೇಳಿಕೊಂಡು ತಿರುಗುವವನ ಪಾಡು ಇದು!

ಆದುದರಿಂದ ಮೊದಲು ಬೇರೆ ಒಂದು ಪ್ರಶ್ನೆ ಕೇಳಿದೆ. ಈ 699ರಲ್ಲಿ ವೇಗ ಎಷ್ಟು? ನೂರು ಎಂಬಿಪಿಎಸ್ ಎಂದ ಮಗ. ಅಷ್ಟು ಬೇಕೇ? ವಿಡಿಯೊದಲ್ಲಿ ಮುಖ ನೋಡಿ ಮಾತನಾಡುವ ಸಭೆಗೆ ಎರಡರಿಂದ ನಾಲ್ಕು ಎಂಬಿಪಿಎಸ್ ಸಾಕು. ಜೊತೆಗೆ ಒಬ್ಬರು ಟಿವಿ ನೋಡಲಿ, ಒಬ್ಬರು ಪಾಠ ಕೇಳಲಿ, ಮೂವತ್ತು ಬೇಕಾದಷ್ಟಾಯಿತು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ವೇಗವನ್ನು ಅಳೆಯುವುದು ಮೆಗಾಬಿಟ್‌ನಲ್ಲಿ, ಫೋಟೋ ಸಿನಿಮಾಗಳ ಗಾತ್ರ ಹೇಳುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 30 ಎಂಬಿಪಿಎಸ್ ತಂತಿಯಲ್ಲಿ ಸೆಕೆಂಡಿಗೆ ಇಳಿಯುವುದು 30 ಎಂಬಿ ಅಲ್ಲ, ನಾಲ್ಕಕ್ಕಿಂತ ತುಸು ಕಡಿಮೆ. ಅದು ಮೋಸವಲ್ಲ. ಹಾಗೆಯೇ "ಅನಿಯಮಿತ" ಎಂಬ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ 3,300 ಜಿಬಿ ಎಂದೋ 1,000 ಜಿಬಿ ಎಂದೋ ಇರುತ್ತದೆ. ಅದು ಮೀರಿದರೆ ವೇಗ ಇಳಿಯುತ್ತದೆ. 1,000 ಜಿಬಿ ಎಂದರೂ ದಿನಕ್ಕೆ 33 ಜಿಬಿ. ಹಳ್ಳಿಯ ಮನೆಗೆ ಅದು ಕಡಿಮೆಯೇನಲ್ಲ.

ಮಗ ಅಲ್ಲಿಯೇ ಕೂತು ಹಳೆಯ ಕಂಪನಿಗೆ ಫೋನು ಮಾಡಿ, ಬಿಡುವ ಯೋಚನೆ ಇದೆ, ಕೆಳಗಿನ ದರಕ್ಕೆ ಇಳಿಸುತ್ತೀರಾ ಎಂದು ಕೇಳಿದ. ಮುಂದಿನ ಬಿಲ್ಲಿನಿಂದ 499ರದ್ದು ಕೊಡುತ್ತೇವೆ ಎಂದರು. ಒಂದು ತಂತಿಯನ್ನೂ ಅಲುಗಿಸದೆ ವರ್ಷಕ್ಕೆ 2,832 ರೂಪಾಯಿ ಉಳಿಯಿತು! ಕೇಳದವರಿಗೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ತಂತಿ ಕಡಿದರೆ ಬರುವವರು ಯಾರು?

ಇನ್ನು ಬೆಲೆಯ ಪಟ್ಟಿಯಲ್ಲಿ ಬರೆಯದ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಫೈಬರ್ ತಂತಿ ಬರುವುದು ಹೆಚ್ಚಾಗಿ ಕಂಬದಿಂದ ಕಂಬಕ್ಕೆ, ಕೊನೆಗೆ ತೆಂಗಿನ ಮರದಿಂದ ಅಡಿಕೆ ಮರಕ್ಕೆ. ಅದರ ಒಳಗಿರುವುದು ಕೂದಲೆಳೆಯಂಥ ಗಾಜು. ಒಂದು ಮಡಲು ಬಿದ್ದರೆ ಸಾಕು. ಕರೆಂಟಿನ ತಂತಿಯಂತೆ ಇದನ್ನು ತಿರುಚಿ ಗಂಟು ಹಾಕಲು ಆಗದು. ತುದಿಗಳನ್ನು ಕಾಯಿಸಿ ಬೆಸೆಯುವ ಯಂತ್ರ ಬೇಕು, ಯಂತ್ರ ಇರುವ ಮನುಷ್ಯ ಬೇಕು. ಅವನು ಎಷ್ಟು ದೂರದಲ್ಲಿದ್ದಾನೆ ಎಂಬುದೇ ಈ ವ್ಯವಹಾರದ ತಿರುಳು.

ಮಳೆಗಾಲದ ಸಂಪರ್ಕ ಬರೀ ಅನುಕೂಲದ ಮಾತೂ ಅಲ್ಲ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಸುರಿದ ಆ ಭಯಂಕರ ಮಳೆಗೆ ಇದೇ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಅಂಥ ರಾತ್ರಿಯಲ್ಲಿ ಮುನ್ಸೂಚನೆ ತಿಳಿಯಲು, ನೆರೆಯವರನ್ನು ಕೂಗಿ ಕರೆಯಲು ಏನಾದರೂ ಒಂದು ದಾರಿ ಮನೆಯಲ್ಲಿ ಇರಲೇಬೇಕು.

ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಅದು ಬಡಿಯುತ್ತಿತ್ತು. ಫೈಬರಿನಲ್ಲಿ ಹಾಗಿಲ್ಲ. ಕರೆಂಟು ಹೋದೊಡನೆ ಗೋಡೆಯ ಪೆಟ್ಟಿಗೆ ಸತ್ತಂತೆ. ಅದಕ್ಕೆ ತಕ್ಕ 12 ವೋಲ್ಟಿನ ಸಣ್ಣ ಬ್ಯಾಟರಿ ಪೆಟ್ಟಿಗೆಗಳು ಪೇಟೆಯಲ್ಲಿ ಸಿಗುತ್ತವೆ. ಈ ಮನೆಯವರು 1,200 ಕೊಟ್ಟು ತಂದರು. ತಂತಿಯಿಲ್ಲದೆ ಗಾಳಿಯಲ್ಲಿ ಬರುವ ಏರ್‌ಫೈಬರ್ ಎಂಬ ಬಗೆಯೂ 2023ರಿಂದ ಬಂದಿದೆ. ಮಡಲು ಬೀಳುವ ಭಯ ಅದಕ್ಕಿಲ್ಲ. ಆದರೆ ಟವರಿಗೂ ಮನೆಗೂ ನಡುವೆ ಗುಡ್ಡವೋ ದಟ್ಟ ಮರಗಳೋ ಇದ್ದರೆ ಸಂಕೇತ ಸೊರಗುತ್ತದೆ. ನಮ್ಮಲ್ಲಿ ಎರಡೂ ಧಾರಾಳ. ನಿಮ್ಮ ಅಂಗಳದಲ್ಲಿಯೇ ಅದನ್ನು ಹಚ್ಚಿ ತೋರಿಸಿದ ಮೇಲೆ ದುಡ್ಡು ಕೊಡಿ.

ಹೊಸ ತಳಿ ಬಂದಾಗ ನಾವು ಇಡೀ ಗದ್ದೆಗೆ ಹಾಕಿಸುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ತಾಕು ಮಾಡಿ, ಒಂದು ಹಂಗಾಮು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಿದೆವು. ಹಳೆಯದನ್ನು 499ಕ್ಕೆ ಇಳಿಸಿ ಚೌತಿಯ ತನಕ ಇಟ್ಟುಕೊಳ್ಳುವುದು, ಜೂನಿನಿಂದ ಕೇಬಲ್‌ನವರದನ್ನೂ ಹಾಕಿಸುವುದು. ತಂತಿ ಮತ್ತು ಪೆಟ್ಟಿಗೆಗೆಂದು ಅವರು ಒಂದು ಸಾವಿರ ತೆಗೆದುಕೊಂಡರು. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಸೋಡಿ ಎಂದರು. ಬೇಡ, ತಿಂಗಳು ತಿಂಗಳು ಕಟ್ಟುತ್ತೇವೆ ಎಂದೆವು. ತಂತಿ ಯಾವ ಮರದ ಮೇಲೆ ಬರಬೇಕೆಂದು ಯಜಮಾನರೇ ನಿಂತು ತೋರಿಸಿದರು. ಯಾವ ಮರದ ಮಡಲು ಎತ್ತ ಬೀಳುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ಬಾಗಿಲ ಹಿಂದೆ ಕ್ಯಾಲೆಂಡರಿನಲ್ಲಿ ಮಗ ಗುರುತು ಹಾಕುತ್ತ ಹೋದ. ಮೂರು ತಿಂಗಳಲ್ಲಿ ಕೇಬಲ್‌ನವರ ತಂತಿ ಎರಡು ಸಲ ಹೋಯಿತು. ಎರಡು ಸಲವೂ ಮರುದಿನ ಮಧ್ಯಾಹ್ನದೊಳಗೆ ಬಂದು ಸರಿ ಮಾಡಿದರು, ಬೆಸೆಯುವ ಹುಡುಗನ ಮನೆ ಎರಡು ಕಿಲೋಮೀಟರಿನ ಒಳಗಿತ್ತು. ಹಳೆಯದು ಹೋದದ್ದು ಒಂದೇ ಸಲ, ಆದರೆ ಐದು ದಿನ. ಆ ಐದು ದಿನ ಮಗನ ಕೆಲಸ ನಡೆದದ್ದು ಹೊಸ ತಂತಿಯಿಂದ. ಚೌತಿ ಮುಗಿದ ಮೇಲೆ ಹಳೆಯದನ್ನು ಬಿಟ್ಟರು. ಎಲ್ಲ ಕಡೆಯೂ ಸಣ್ಣವರೇ ಗೆಲ್ಲುತ್ತಾರೆಂದು ಇದರಿಂದ ತಿಳಿಯಬಾರದು. ಹೊನ್ನಾವರ ಕಡೆಯ ಒಂದು ಕೇರಿಯಲ್ಲಿ ಏಜೆಂಟನೇ ಊರು ಬಿಟ್ಟು ಹೋಗಿ ಜನ ಹಳೆಯ ಕಂಪನಿಗೆ ಮರಳಿದ್ದನ್ನೂ ಕಂಡಿದ್ದೇನೆ.

ಹಣದ ಮಾತು ಹೇಳಬೇಕಷ್ಟೆ. ಹೊಸದರ ವರ್ಷದ 5,650, ತಂತಿಗೆ 1,000, ಬ್ಯಾಟರಿಗೆ 1,200, ಹಳೆಯದಕ್ಕೆ ಮೂರು ತಿಂಗಳ 1,766, ಒಟ್ಟು 9,616. ಮೊದಲ ವರ್ಷ ಉಳಿಯುವುದು ಬರೀ 282 ರೂಪಾಯಿ, ಒಂದು ಚೀಲ ಯೂರಿಯಾದ ದುಡ್ಡು. ಎರಡನೆಯ ವರ್ಷದಿಂದ 4,248. ಬದಲಾಯಿಸಿದ ದಿನದಿಂದಲೇ ಲಾಭ ಎನ್ನುವವರ ಮಾತು ನಂಬಬೇಡಿ.

ನಿಜವಾದ ಉಳಿತಾಯ ಇನ್ನೊಂದು ಕಡೆ ಇತ್ತು. ಮನೆಯಲ್ಲಿ ವೈಫೈ ಇದ್ದ ಮೇಲೆ ಯಜಮಾನರಿಗೂ ಅವರ ಪತ್ನಿಗೂ ಮೊಬೈಲಿನಲ್ಲಿ ಡೇಟಾ ಏಕೆ? 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಮಾತು ಮತ್ತು ಎಸ್ಎಂಎಸ್‌ಗಷ್ಟೇ ಬೇರೆ ರೀಚಾರ್ಜು ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು. 2025ರ ಜನವರಿಯಲ್ಲಿ ಅಂಥವು ಬಂದವು; ಏರ್‌ಟೆಲ್‌ನದು ಆಗ 365 ದಿನಕ್ಕೆ 1,849 ರೂಪಾಯಿ ಇತ್ತು. 3,887ರ ಜಾಗದಲ್ಲಿ 1,849 ಎಂದರೆ ಒಂದು ಫೋನಿಗೆ ಎರಡು ಸಾವಿರ ಉಳಿಯಿತು. ಅಂಗಡಿಯಲ್ಲಿ ಹೆಸರು ಹಿಡಿದು ಕೇಳಬೇಕು, ತಾವಾಗಿ ತೋರಿಸುವವರು ಕಡಿಮೆ. ಆದರೆ ಮನೆಯಿಂದ ಹೊರಗೆ ಆ ಫೋನಿನಲ್ಲಿ ನೆಟ್ ಇರದು, ಸಂತೆಯಲ್ಲಿ ಫೋನಿನಿಂದ ಹಣ ಕೊಡಲು ಆಗದು. ಬೆಳೆ ಸಮೀಕ್ಷೆಯ ಫೋಟೋ ತೆಗೆಯುವವರ ಫೋನಿಗೆ ಡೇಟಾ ಇರಲಿ.

ಮೊಬೈಲ್ ಕಂಪನಿ ಬದಲಿಸುವವರು ನಂಬರ್ ಉಳಿಸಿಕೊಳ್ಳಬಹುದು. 2011ರ ಜನವರಿಯಿಂದ ದೇಶದಲ್ಲೆಲ್ಲ ಈ ಸೌಲಭ್ಯವಿದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಬರೆದು 1900ಕ್ಕೆ ಸಂದೇಶ ಕಳಿಸಿದರೆ ಒಂದು ಸಂಕೇತ ಬರುತ್ತದೆ, ನಾಲ್ಕು ದಿನ ಅದಕ್ಕೆ ಬೆಲೆ. ಫೋನಿನಲ್ಲಿ ಕೇಳುವ ಅಪರಿಚಿತರಿಗೆ ಅದನ್ನು ಹೇಳಬಾರದು. ಮನೆಯ ತಂತಿಯ ಸಂಪರ್ಕಕ್ಕೆ ಈ ಸೌಲಭ್ಯ ಇಲ್ಲ. ಅಲ್ಲಿ ಬದಲಾವಣೆ ಎಂದರೆ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವುದೇ.

ದೂರು ಕೊಟ್ಟಾಗ ಕೊಡುವ ನಂಬರನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಉತ್ತರ ಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಗ್ರಾಹಕರ ಆಯೋಗಕ್ಕೂ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ಜಿಲ್ಲೆಯ ಆಯೋಗ ಕಾರವಾರದಲ್ಲಿದೆ.

ಮುಟ್ಟಳ್ಳಿಯ ಮನೆಯವರು ಹಳೆಯ ಪೆಟ್ಟಿಗೆಯನ್ನು ಅದರ ಹಿಂದಿನ ನಂಬರು ಕಾಣುವಂತೆ ಫೋಟೋ ತೆಗೆದು, ಭಟ್ಕಳ ಪೇಟೆಗೆ ಹೋಗಿ ಒಪ್ಪಿಸಿ, ಸಹಿ ಮಾಡಿದ ರಸೀದಿ ತಂದರು. ರಸೀದಿ ಈಗ ಪಹಣಿಯ ಕಡತದಲ್ಲಿದೆ. ಮೊದಲ ಸಿಂಪರಣೆ ಮಾತ್ರ ಆ ಗಡಿಬಿಡಿಯಲ್ಲಿ ನಾಲ್ಕು ದಿನ ತಡವಾಯಿತು.