ಜೀಪಿನ ಹಲ್ಲು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಮೈಮೇಲಿನ ಸುಳಿಗಳನ್ನು ನೋಡುತ್ತಾನೆ. ಜೀಪಿಗೂ ಹಲ್ಲುಗಳಿವೆ. ಆದರೆ ಅವು ಹಿಂದಿನ ಅಚ್ಚಿನ ನಡುವಣ ಉಬ್ಬಿದ ಗೂಡಿನಲ್ಲಿ, ಎಣ್ಣೆಯಲ್ಲಿ ಮುಳುಗಿ ಕುಳಿತಿವೆ. ಕೊಳ್ಳುವವನ ಬೆರಳು ಅಲ್ಲಿಗೆ ಹೋಗಲಾರದು. ಮಾರುವವನಿಗೆ ಮಾತ್ರ ಅವುಗಳ ಸವೆತ ಕಿವಿಯ ಮೂಲಕ ತಿಳಿದಿರುತ್ತದೆ.

ವರದಮೂಲದ ನಮ್ಮ ಮನೆಯ ಜೀಪನ್ನು ಮಾರಲು ನಿಶ್ಚಯಿಸಿದಾಗ ನನ್ನನ್ನು ಕಾಡಿದ್ದು ಈ ವಿಚಾರವೇ. ಮಳೆಗಾಲದ ಕೆಸರು ತುಳಿದು, ಅಡಿಕೆಯ ಮೂಟೆ ಹೊತ್ತು, ತೋಟಕ್ಕೂ ಸಾಗರದ ಪೇಟೆಗೂ ವರ್ಷಗಟ್ಟಲೆ ತಿರುಗಿದ ವಾಹನವದು. ಎಂಜಿನ್ನು ಗಟ್ಟಿಯಾಗಿತ್ತು. ಆದರೆ ಕ್ಲಚ್ಚಿನಿಂದ ಕಾಲು ತೆಗೆದೊಡನೆ ಅಡಿಯಲ್ಲಿ ‘ಟಕ್’ ಎನ್ನುತ್ತಿತ್ತು. ವೇಗವಾಗಿ ಓಡುವಾಗ ಹಿಂದಿನಿಂದ ‘ಗುಂಯ್’ ಎಂದು ಕೊರಗುತ್ತಿತ್ತು.

ಈ ಎರಡು ಸದ್ದುಗಳ ಕುಲ ಬೇರೆ ಬೇರೆ. ಎಂಜಿನ್ನಿನ ಬಲ ಗೇರುಪೆಟ್ಟಿಗೆಯನ್ನು ದಾಟಿ, ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಅಚ್ಚಿಗೆ ಹೋಗುತ್ತದೆ. ರಸ್ತೆಯ ಹಳ್ಳತಿಟ್ಟುಗಳಿಗೆ ಅಚ್ಚು ಏಳುತ್ತ ಬೀಳುತ್ತ ಇರುವುದರಿಂದ ಶಾಫ್ಟಿನ ಎರಡು ತುದಿಗೂ ಬಾಗಬಲ್ಲ ಕೀಲು ಬೇಕು. ಗ್ಯಾರೇಜಿನವರ ಬಾಯಲ್ಲಿ ಅದು ‘ಕ್ರಾಸ್’. ಪಠ್ಯಪುಸ್ತಕದಲ್ಲಿ 17ನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರು ಹೊತ್ತ ಕೀಲು. ಬಾಗಿ ತಿರುಗುವಾಗ ಅದರ ವೇಗ ಸುತ್ತಿಗೆ ಎರಡು ಸಲ ಹಿಗ್ಗಿ ಎರಡು ಸಲ ಕುಗ್ಗುತ್ತದೆ. ಆ ಏರುಪೇರನ್ನು ಇನ್ನೊಂದು ತುದಿಯ ಜೋಡಿಕೀಲು ಸರಿದೂಗಿಸುತ್ತದೆ. (ದಾಂಪತ್ಯದ ಉಪಮೆಯನ್ನು ಇಲ್ಲಿ ತಾರದಿರುವುದೇ ಲೇಸು.) ‘ಟಕ್’ ಎಂದದ್ದು ಈ ಕೀಲು. ‘ಗುಂಯ್’ ಎಂದದ್ದು ಅಚ್ಚಿನ ಗೂಡಿನೊಳಗೆ ಬಲವನ್ನು ಚಕ್ರಗಳತ್ತ ಅಡ್ಡ ತಿರುಗಿಸುವ ಕ್ರೌನು–ಪಿನಿಯನ್ನುಗಳ ಜೋಡಿ. ಒಂದು ಸವೆದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಕ್ರಾಸಿಗೆ 3,000 ರೂಪಾಯಿಯೊಳಗೆ. ಕ್ರೌನಿಗೆ ಬೇರಿಂಗು, ಕೂಲಿ ಸೇರಿ 30,000. ಅಷ್ಟು ಸುರಿದರೂ ಮಾರಾಟದ ಬೆಲೆ 15,000ಕ್ಕಿಂತ ಹೆಚ್ಚು ಏರದು. ಲೆಕ್ಕ ಸ್ಪಷ್ಟವಾಗಿತ್ತು. ಮೆಕ್ಯಾನಿಕ್ಕು ಇನ್ನೂ ಸ್ಪಷ್ಟವಾಗಿ ಹೇಳಿದ: “ಗಟ್ಟಿ ಎಣ್ಣೆ ತುಂಬಿ ಕೊಟ್ಟುಬಿಡಿ ಸರ್, ಒಂದು ತಿಂಗಳು ಸದ್ದು ಬರೋದಿಲ್ಲ.”

ಕಾನೂನು ಈ ಸಂದಿಗ್ಧವನ್ನು ಅರಿಯದ್ದಲ್ಲ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ಕೆಳಗೆ ಒಂದು ಕುದುರೆಯ ಕಥೆಯಿದೆ. ಕುದುರೆ ಊನವೆಂದು ತಿಳಿದೂ ಹರಾಜಿನಲ್ಲಿ ಮೌನವಾಗಿದ್ದು ಮಾರಿದವನು ವಂಚಕನಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, “ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದಾಗ ಸುಮ್ಮನಿದ್ದರೆ ಆ ಮೌನವೂ ಮಾತೇ. ಕಾಯಿದೆಯ ಪುಸ್ತಕದಲ್ಲಿ ಇಷ್ಟು ಒಳ್ಳೆಯ ಸಣ್ಣಕಥೆಗಳಿರುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದಿರಲಿ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಹಿಡಿದು ಒಂದು ಪ್ರಬಂಧ ಬರೆದ. ಮಾರುವವನ ಮೌನಕ್ಕೆ ಹೆದರಿ ಕೊಳ್ಳುವವನು ಎಲ್ಲ ವಾಹನಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆಗ ಒಳ್ಳೆಯ ಗಾಡಿಯವನು ಪೇಟೆಗೇ ಬರುವುದಿಲ್ಲ. 2001ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ನಮ್ಮ ದಲ್ಲಾಳಿಗಳಿಗೆ ಇದು ಹೊಸ ಸಂಗತಿಯೇನಲ್ಲ.

ನನ್ನಲ್ಲಿಗೆ ಬಂದವನು ಹಳೆಯ ವಿದ್ಯಾರ್ಥಿ, ಇಕ್ಕೇರಿಯ ಕಡೆ ತೋಟ ಮಾಡಿಕೊಂಡಿರುವ ಹುಡುಗ. “ನಿಮ್ಮ ಜೀಪು ಅಂದ್ಮೇಲೆ ನೋಡೋದೇನಿದೆ ಸರ್?” ಎಂದ. ಕಾಯಿದೆಯ ಕುದುರೆ ಅಂಗಳಕ್ಕೇ ಬಂದು ನಿಂತಂತಾಯಿತು!

ಕ್ರಾಸುಗಳನ್ನು ಅದಾಗಲೇ ಬದಲಾಯಿಸಿದ್ದೆ. ಅದು ಲಾಭದ ಮಾತಲ್ಲ. ಕೀಲು ಮುರಿದು ಶಾಫ್ಟು ಕಳಚಿ ಬಿದ್ದರೆ ಒಳಗೆ ಕುಳಿತವರ ಪ್ರಾಣಕ್ಕೆ ಸಂಚಕಾರ. ಕ್ರೌನನ್ನು ಮುಟ್ಟಿರಲಿಲ್ಲ, ಗಟ್ಟಿ ಎಣ್ಣೆಯನ್ನೂ ಹಾಕಿಸಿರಲಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಗರದ ದಾರಿಯಲ್ಲಿ ವೇಗ ಹೆಚ್ಚಿಸಿ, ಆ ‘ಗುಂಯ್’ ಕೇಳಿಸಿದೆ. ಮೆಕ್ಯಾನಿಕ್ಕಿನ ಅಂದಾಜಿನ ಚೀಟಿಯನ್ನೂ ಕೈಗಿತ್ತೆ. ಅದನ್ನು ಎರಡು ಸಲ ಓದಿ, ಆಡಿದ ಬೆಲೆಯಲ್ಲಿ 20,000 ಇಳಿಸಬೇಕೆಂದ. 15,000 ಇಳಿಸಿದೆ. ಮರುದಿನ ಬೆಳಿಗ್ಗೆ ಜೀಪು ಕೊರಗುತ್ತಲೇ ಇಕ್ಕೇರಿಯ ಕಡೆ ಹೋಯಿತು.