ದೂರದ ಈಡು

ನನ್ನ ಬಾಲ್ಯ ಕಳೆದದ್ದು ಮಲೆನಾಡಿನ ಒಂದು ಒಂಟಿಮನೆಯಲ್ಲಿ. ಜಗಲಿಯ ಗೋಡೆಯ ಮೇಲೆ ಎರಡು ಕೋವಿಗಳು ತೂಗುತ್ತಿದ್ದುವು. ಒಂದು ಕೇಪಿನ ಕೋವಿ, ಇನ್ನೊಂದು ತೋಟಾಕೋವಿ. ಬೇಟೆಯೆಂಬುದು ಆಗ ನಮ್ಮವರಿಗೆ ಅಡಕೆಕೊಯ್ಲಿನ ಹಾಗೆ ವರ್ಷದ ಕೆಲಸಗಳಲ್ಲಿ ಒಂದು. ಹಳು ಸೋವುವವರು ಒಂದು ಕಡೆಯಿಂದ ಕೂಗುತ್ತ ಬರುವರು. ಈಡುಗಾರರು ತಮ್ಮ ತಮ್ಮ ‘ಬಿಲ್ಲು’ಗಳಲ್ಲಿ ಉಸಿರು ಹಿಡಿದು ನಿಂತಿರುವರು. ಬಿಲ್ಲು ಎಂದರೆ ಇಲ್ಲಿ ಧನುಸ್ಸಲ್ಲ, ಬೇಟೆಗಾರನು ಕಾದು ನಿಲ್ಲುವ ಜಾಗ. ಧನುಸ್ಸು ಹೋಗಿ ಕೋವಿ ಬಂದರೂ ಜಾಗಕ್ಕೆ ಹಳೆಯ ಹೆಸರೇ ಉಳಿದುಕೊಂಡಿತೆಂದು ತೋರುತ್ತದೆ.

1969ರ ಮಾಗಿಯಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ದೊಡ್ಡಪ್ಪನ ಸ್ನೇಹಿತರೊಬ್ಬರು ಪಟ್ಟಣದಿಂದ ಬಂದರು. ಅವರ ಕೈಯಲ್ಲಿ ಹೊಸ ವಿಲಾಯತಿ ರೈಫಲು. ಸಂಜೆಯ ಹೊತ್ತು ಕಣಿವೆಯ ಆಚೆಯ ಹುಲ್ಲುಗಾವಲಿನ ಅಂಚಿಗೆ ಒಂದು ಕಡವೆ ಬಂದು ನಿಂತಿತು. ನಮ್ಮ ಕೋವಿಗಳಿಗೆ ಅದು ಕನಸಿನ ಮಾತು. ನಾಲ್ಕು ನೂರು ಗಜಕ್ಕೆ ಕಡಮೆಯಿಲ್ಲ. ಅತಿಥಿಗಳು ಅಂಗಳದ ಕಟ್ಟೆಗೆ ರೈಫಲನ್ನು ಆನಿಸಿ ಹೊಡೆದರು. ಕಡವೆ ಮುಂಗಾಲು ಮಡಿಸಿ ಕುಸಿಯಿತು. ಎಲ್ಲರೂ ‘ಭಲೆ’ ಎಂದರು. ಆ ಮಾತು ಮುಗಿಯುವುದರೊಳಗೆ ಅದು ಎದ್ದು ಕಾಡು ಹೊಕ್ಕಿತು. ರಾತ್ರಿಯೆಲ್ಲ ಲಾಟೀನು ಹಿಡಿದು ರಕ್ತದ ಜಾಡು ನೋಡಿದರು. ಹಳ್ಳದ ಬಳಿ ಜಾಡು ತಪ್ಪಿತು. ನಾಲ್ಕನೆಯ ದಿನ ಹದ್ದುಗಳು ಸುತ್ತುವುದನ್ನು ಕಂಡು ಹೋಗಿ ನೋಡಿದರೆ ಅದು ನೀರಿನ ಪಕ್ಕದಲ್ಲೇ ಬಿದ್ದಿತ್ತು. ಗುಂಡು ಹೊಟ್ಟೆಗೆ ಹೊಕ್ಕಿತ್ತು. ದೊಡ್ಡಪ್ಪ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತ ನನಗೆ ಹೇಳಿದ್ದು ಇಷ್ಟೆ: “ತಾಗಿಸಿದ್ರು ಕಣೋ, ಹೊಡೀಲಿಲ್ಲ.”

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ನಮ್ಮ ನಾಡಿನ ಷಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ನಾನು ಕನ್ನಡದ ಮೇಷ್ಟರಾದೆ, ಕೋವಿ ಮುಟ್ಟಿದವನಲ್ಲ. ಆದರೂ ದೊಡ್ಡಪ್ಪನ ಆ ಎರಡು ಕ್ರಿಯಾಪದಗಳು ನನ್ನನ್ನು ಬಿಡಲಿಲ್ಲ. ತಾಗಿಸುವುದಕ್ಕೂ ಹೊಡೆಯುವುದಕ್ಕೂ ನಡುವೆ ಇರುವುದೇನು?

ನಮ್ಮ ಮಾತೇ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಬಾಣ ಬಿಡುವುದಕ್ಕೆ ಹಳಗನ್ನಡದಲ್ಲಿ ‘ಇಸು’, ‘ಎಸು’ ಎಂಬ ಬೇರೆಯ ಧಾತುವೇ ಇತ್ತು. ಕೈಬಿಟ್ಟು ಹೋದದ್ದು ದೂರಕ್ಕೆ ಹೋಯಿತು ಎಂಬ ಅರಿವು ಅದರಲ್ಲಿದೆ. ಕೋವಿಯ ಕಾಲಕ್ಕೆ ನಾವು ‘ಹೊಡೆ’ ಎನ್ನತೊಡಗಿದೆವು. ಕೋಲಿನಿಂದ ಹಾವನ್ನು ಹೊಡೆಯುವುದಕ್ಕೂ ಕಣಿವೆಯಾಚೆಯ ಕಡವೆಯನ್ನು ಹೊಡೆಯುವುದಕ್ಕೂ ಒಂದೇ ಮಾತು. ನಡುವಿನ ನಾಲ್ಕು ನೂರು ಗಜ ಭಾಷೆಯಲ್ಲಿ ಮಾಯವಾಯಿತು; ಗಾಳಿಯಲ್ಲಿ ಮಾತ್ರ ಅದು ಇದ್ದಲ್ಲೇ ಇದೆ.

ಆ ನಡುವಿನ ಜಾಗದಲ್ಲಿ ಏನು ನಡೆಯುತ್ತದೆಂದು ನೋಡೋಣ. ನಮ್ಮ ಜಗಲಿಯ ಕೋವಿಗಳ ನಳಿಗೆ ಒಳಗೆ ನುಣುಪು. ಚರೆಯೋ ಗುಂಡೋ ಹೊರಬಿದ್ದ ಮೇಲೆ ಅದಕ್ಕೆ ಶಿಸ್ತಿಲ್ಲ. ಐವತ್ತು ಅರವತ್ತು ಗಜದಾಚೆ ಭರವಸೆಯಿಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳಲ್ಲಿ ಸಿಕ್ಕಿ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಬೀಳದಂತೆ ಮೂತಿಯನ್ನು ಮುಂದಕ್ಕೇ ಇಟ್ಟುಕೊಂಡು ಸಾಗುತ್ತದೆ. ಅತಿಥಿಗಳ ಹೆಮ್ಮೆಗೆ ಕಾರಣ ಈ ಗೀರುಗಳು.

ಆದರೆ ಗುಂಡು ನೇರವಾಗಿ ಹೋಗುತ್ತದೆಂಬುದು ಸಿನಿಮಾದ ನಂಬಿಕೆ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಅದು ಕೈಜಾರಿದ ಕಲ್ಲಿನಂತೆ ಬೀಳತೊಡಗುತ್ತದೆ. ಜಿಂಕೆಯ ಬೇಟೆಗೆ ಬಹಳವಾಗಿ ಬಳಕೆಯಲ್ಲಿರುವ .308 ವಿಂಚೆಸ್ಟರ್ ಎಂಬ ಅಳತೆಯ ರೈಫಲನ್ನು ತೆಗೆದುಕೊಳ್ಳಿ. ನೂರು ಗಜಕ್ಕೆ ಸರಿಯಾಗಿ ಬೀಳುವಂತೆ ದುರ್ಬೀನನ್ನು ಹೊಂದಿಸಿದರೆ, ಇನ್ನೂರು ಗಜದಲ್ಲಿ ಗುಂಡು ಗುರಿಗಿಂತ ನಾಲ್ಕು ಅಂಗುಲ ಕೆಳಗಿರುತ್ತದೆ. ಮುನ್ನೂರರಲ್ಲಿ ಸುಮಾರು ಹದಿನೈದು ಅಂಗುಲ. ಐನೂರರಲ್ಲಿ ಐದು ಅಡಿ, ಅಂದರೆ ಹೆಚ್ಚು ಕಡಮೆ ಒಂದಾಳು. ದೂರ ಎಷ್ಟೆಂದು ತಪ್ಪಾಗಿ ಅಂದಾಜು ಮಾಡಿದರೆ ಬೆನ್ನಿನ ಮೇಲೆ ಹಾರಬೇಕಾದ್ದು ಕಾಲು ಮುರಿಯುತ್ತದೆ. ಅಡ್ಡಗಾಳಿಯದು ಇನ್ನೊಂದು ಕಾಟ. ಗಂಟೆಗೆ ಹತ್ತು ಮೈಲಿಯ ಗಾಳಿ, ಅಂದರೆ ಎಲೆಗಳು ಅಲುಗಾಡುವಷ್ಟು, ಮುನ್ನೂರು ಗಜದಲ್ಲಿ ಗುಂಡನ್ನು ಎಂಟು ಅಂಗುಲ ಪಕ್ಕಕ್ಕೆ ತಳ್ಳುತ್ತದೆ; ಐನೂರರಲ್ಲಿ ಎರಡು ಅಡಿಯ ಹತ್ತಿರ. ಬೇಟೆಗಾರನಿಗೆ ಬೇಕಾದ ಜಾಗವಾದರೂ ಎಷ್ಟು? ಹೃದಯ ಶ್ವಾಸಕೋಶಗಳಿರುವ ಎದೆಯ ಭಾಗ ದೊಡ್ಡ ಜಿಂಕೆಯಲ್ಲೂ ನಮ್ಮ ತಿಂಡಿಯ ತಟ್ಟೆಯಷ್ಟೆ. ಅದರ ಹಿಂದೆ ಒಂದು ಗೇಣಿಗೆ ಹೊಟ್ಟೆ.

ಇವೆರಡಕ್ಕೂ ಲೆಕ್ಕವುಂಟು. ಲೆಕ್ಕಕ್ಕೆ ಸಿಕ್ಕದ್ದು ಕಾಲ. ಐನೂರು ಗಜ ಸಾಗಲು ಆ ಗುಂಡಿಗೆ ಸುಮಾರು ಮುಕ್ಕಾಲು ಸೆಕೆಂಡು ಬೇಕು. ಶಬ್ದಕ್ಕಿಂತ ಅದು ಮುಂದಾಗಿ ಹೋಗುವುದರಿಂದ ಜಿಂಕೆ ಸದ್ದು ಕೇಳಿ ಬೆದರಲಾರದು, ನಿಜ. ಆದರೆ ಅದು ತನ್ನ ಕಾರಣಕ್ಕೆ, ಒಂದು ಚಿಗುರಿಗಾಗಿ, ಒಂದು ನೊಣ ಕಚ್ಚಿದ್ದಕ್ಕಾಗಿ, ಮುಂದಕ್ಕೆ ಒಂದು ಹೆಜ್ಜೆ ಇಡಬಹುದು. ಹೊರಟ ಗುಂಡನ್ನು ಹಿಂದಕ್ಕೆ ಕರೆಯುವಂತಿಲ್ಲ. ಎದೆಗೆಂದು ಬಿಟ್ಟದ್ದು ಹೊಟ್ಟೆಗೆ ಬೀಳುತ್ತದೆ. ನಮ್ಮ ಹಳ್ಳದ ದಂಡೆಯ ಕಡವೆಗೆ ಆದದ್ದು ಗಾಳಿಯಿಂದಲೋ ಹೆಜ್ಜೆಯಿಂದಲೋ ಯಾರು ಬಲ್ಲರು?

ಈ ಲೆಕ್ಕಗಳು ನನಗೆ ತಿಳಿದದ್ದು ಪುಸ್ತಕದಿಂದಲ್ಲ. 2018ರ ಅಕ್ಟೋಬರಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಹೋದಾಗ, ಉತ್ತರದ ಹೈಲೆಂಡ್ಸ್ ಬೆಟ್ಟಸೀಮೆಯ ಒಂದು ಎಸ್ಟೇಟಿನಲ್ಲಿ ಎರಡು ದಿನ ಕಳೆಯುವ ಸಂದರ್ಭ ಒದಗಿತು. ಅಲ್ಲಿ ರೆಡ್ ಡಿಯರ್ ಎಂಬ ಜಿಂಕೆ, ನಮ್ಮ ಕಡವೆಯ ಹತ್ತಿರದ ನೆಂಟ, ಬೇಕಾದಷ್ಟಿದೆ. ಬೇಕಾದ್ದಕ್ಕಿಂತ ಹೆಚ್ಚೇ ಇದೆ. ತೋಳಗಳು ಅಲ್ಲಿಂದ ಅಳಿದು ಮುನ್ನೂರು ವರ್ಷಗಳ ಮೇಲಾಯಿತು. ತಿನ್ನುವವರಿಲ್ಲದೆ ಬೆಳೆದ ಹಿಂಡು ಕಾಡಿನ ಸಸಿಗಳನ್ನೆಲ್ಲ ಮೇಯುತ್ತದೆ. ಹೊಸ ಮರ ಏಳುವುದಿಲ್ಲ. ಆದ್ದರಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಜಿಂಕೆಗಳನ್ನು ಅಲ್ಲಿ ಹೊಡೆಯುತ್ತಾರೆ. ಬಳಸುವ ಗುಂಡಿನ ತೂಕ ವೇಗಗಳನ್ನು ಕಾನೂನೇ ಗೊತ್ತುಮಾಡಿದೆ. ಈ ಬೇಟೆ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನ ಕಾಲಕ್ಕೆ ಶ್ರೀಮಂತರ ಷೋಕಿಯಾಗಿ ಬೆಳೆಯಿತು. ಆ ಕಥೆ ಈಗ ಬೇಡ.

ಅತಿಥಿ ಎಷ್ಟೇ ದೊಡ್ಡ ಮನುಷ್ಯನಾಗಲಿ, ಅಲ್ಲಿ ಅವನನ್ನು ನೇರವಾಗಿ ಬೆಟ್ಟಕ್ಕೆ ಕರೆದೊಯ್ಯುವುದಿಲ್ಲ. ಎಸ್ಟೇಟಿನಲ್ಲಿ ‘ಸ್ಟಾಕರ್’ ಎಂಬ ಒಬ್ಬ ನುರಿತ ಬೇಟೆಗಾರನಿರುತ್ತಾನೆ. ಬೆಟ್ಟದಲ್ಲಿ ಅವನದೇ ಆಜ್ಞೆ. ಮೊದಲು ಅವನ ಮುಂದೆ ಗುರಿಗೆ ಹೊಡೆದು ತೋರಿಸಬೇಕು. ಕೆಲವು ಕಡೆ ಈ ಗುರಿ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಆಳೆತ್ತರದ ಜಿಂಕೆಯೇ ಆಗಿರುತ್ತದೆ. ನಾನು ನೋಡಿದ ದಿನದ ಅತಿಥಿ ಒಬ್ಬ ವೈದ್ಯರು. ನೆಲದ ಮೇಲೆ ಬೋರಲು ಮಲಗಿ ನೂರು ಗಜಕ್ಕೆ ಮೂರು ಗುಂಡು. ಮೂರೂ ನಾಲ್ಕು ಅಂಗುಲದ ವೃತ್ತದೊಳಗೆ ಬಿದ್ದುವು. ನಾನು ತಲೆದೂಗಿದೆ. ಸ್ಟಾಕರ್ ಕಾಗದವನ್ನು ಕಿತ್ತು ತಂದು ನನಗೆ ಲೆಕ್ಕ ಹೇಳಿದ: ನೂರು ಗಜಕ್ಕೆ ನಾಲ್ಕು ಅಂಗುಲವೆಂದರೆ ಇನ್ನೂರಕ್ಕೆ ಎಂಟು, ಮುನ್ನೂರಕ್ಕೆ ಹನ್ನೆರಡು. ಆದ್ದರಿಂದ ಇವರ ಪಾಲಿಗೆ ಇನ್ನೂರು ಗಜದಾಚೆ ಜಿಂಕೆಯೇ ಇಲ್ಲ.

ಅಭ್ಯಾಸವೆಂದರೆ ಏನೆಂದು ನನಗೆ ಅಂದು ಅರ್ಥವಾಯಿತು. ನಾನು ಅದನ್ನು ಕೈಚಳಕ ಗಳಿಸುವ ದಾರಿ ಎಂದುಕೊಂಡಿದ್ದೆ. ಚಳಕವೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅದು ತನ್ನ ಎಲ್ಲೆ ಎಲ್ಲಿದೆಯೆಂದು ಅಳೆದುಕೊಳ್ಳುವ ಕೆಲಸ. ಕಾಗದದ ಮೇಲಿನ ತೂತು ಯಾರ ಮುಖಸ್ತುತಿಯನ್ನೂ ಮಾಡುವುದಿಲ್ಲ.

ಅಭ್ಯಾಸದ ವಿವರಗಳು ನಮ್ಮ ಪ್ರಾಣಾಯಾಮದ ಪಾಠದಂತಿವೆ. ಉಸಿರು ಬಿಟ್ಟ ಮೇಲೆ ಮತ್ತೆ ಎಳೆದುಕೊಳ್ಳುವ ಮುನ್ನ ಮೈ ಒಂದೆರಡು ಕ್ಷಣ ತಾನಾಗಿ ನಿಶ್ಚಲವಾಗುತ್ತದೆ. ಗುಂಡು ಹೊರಡಬೇಕಾದ್ದು ಆಗ. ಟ್ರಿಗರನ್ನು ಎಳೆಯಬಾರದು, ಬೆರಳಿನ ತುದಿಯಿಂದ ಮೆಲ್ಲಮೆಲ್ಲನೆ ಒತ್ತುತ್ತ ಹೋಗಬೇಕು, ಈಡು ಯಾವಾಗ ಹಾರಿತೆಂದು ಹೊಡೆದವನಿಗೇ ಆಶ್ಚರ್ಯವಾಗಬೇಕು. ಸದ್ದಿಗೂ ಭುಜದ ಒದೆತಕ್ಕೂ ಮೈ ಮೊದಲೇ ಬೆದರಿಕೊಳ್ಳುವುದೇ ಹೊಸಬರ ದೊಡ್ಡ ರೋಗ. ಅದಕ್ಕೆ ಮದ್ದು ಬರಿಯ ಕೋವಿ. ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ನಳಿಗೆಯ ತುದಿಯಲ್ಲಿ ಒಂದು ನಾಣ್ಯವನ್ನಿಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವುದನ್ನು ಕಲಿಯುತ್ತಾರೆ. ಆ ವೈದ್ಯರು ಚಳಿಗಾಲವೆಲ್ಲ ಮನೆಯ ನಡುಕೋಣೆಯಲ್ಲಿ ಇದನ್ನೇ ಮಾಡಿದ್ದರಂತೆ. ಮನೆಯವರು ಏನೆಂದರೆಂದು ನಾನು ಕೇಳಲಿಲ್ಲ.

ಇಷ್ಟಾದರೂ ಇದು ಮೈದಾನದ ವಿದ್ಯೆ. ಬೆಟ್ಟದಲ್ಲಿ ಮೂರು ಗಂಟೆ ಹತ್ತಿ, ಗಾಳಿಗೆದುರಾಗಿ, ಹೆದರ್ ಎಂಬ ಕುರುಚಲಿನೊಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಮಲಗಿದವನ ಎದೆ ನಗಾರಿಯಂತೆ ಬಡಿಯುತ್ತಿರುತ್ತದೆ. ಮೈದಾನದ ನಾಲ್ಕು ಅಂಗುಲ ಅಲ್ಲಿ ಆರೋ ಏಳೋ ಆಗುತ್ತದೆ. ಆದ್ದರಿಂದಲೇ ಸ್ಟಾಕರನ ವಿದ್ಯೆಯೆಲ್ಲ ಹತ್ತಿರ ಹೋಗುವುದರಲ್ಲಿದೆ. ಸಂಸ್ಕೃತದ ‘ಮೃಗಯಾ’ ಎಂಬ ಮಾತಿಗೆ ಮೂಲ ‘ಹುಡುಕು’ ಎಂಬ ಧಾತುವೆಂದು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ಅಲ್ಲಿ. ಇಂಥ ಬೆಟ್ಟದವರನ್ನೇ ಆರಿಸಿ 1900ರಲ್ಲಿ ಬೋಯರ್ ಯುದ್ಧಕ್ಕೆ ಲೋವಟ್ ಸ್ಕೌಟ್ಸ್ ಎಂಬ ಪಡೆ ಕಟ್ಟಿದರು. ಆ ಪಡೆಯವರಿಗೆ ಹೆಸರು ತಂದದ್ದರಲ್ಲಿ ರೈಫಲಿನಷ್ಟೇ ಪಾಲು ದುರ್ಬೀನಿಗೂ ಇತ್ತು.

ಗುರಿಗಾರಿಕೆಗೆ ಪ್ರಾಣಿ ಬೇಕೇಬೇಕೆಂದಿಲ್ಲ. ಒಲಿಂಪಿಕ್ಸ್‌ನಲ್ಲಿ ಒಂದು ಕಾಲಕ್ಕೆ ‘ಓಡುವ ಜಿಂಕೆ’ ಎಂಬ ಸ್ಪರ್ಧೆಯಿತ್ತು. ಸುಮಾರು ನೂರು ಮೀಟರು ದೂರದಲ್ಲಿ ಜಿಂಕೆಯ ಆಕಾರದ ಹಲಗೆ ಕೆಲವೇ ಸೆಕೆಂಡುಗಳ ಕಾಲ ಅಡ್ಡಹಾಯುತ್ತಿತ್ತು. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬಾತ 1908ರಲ್ಲಿ ಅರವತ್ತರ ವಯಸ್ಸಿನಲ್ಲಿ ಅದರಲ್ಲಿ ಚಿನ್ನ ಗೆದ್ದ; 1920ರಲ್ಲಿ, ಎಪ್ಪತ್ತೆರಡರಲ್ಲಿ, ತಂಡದೊಡನೆ ಬೆಳ್ಳಿ. ನಿವೃತ್ತರಾದ ನನ್ನಂಥವರಿಗೆ ಇದು ಸಮಾಧಾನದ ಸುದ್ದಿ. ನಮ್ಮ ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್ ಪೋದ್ ಹಬ್ಬದಂದು ಕೋವಿಗಳಿಗೆ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಾಗುತ್ತದೆ. ಆಯುಧದ ಪರವಾನಗಿಯಿಂದ ಕೊಡವರಿಗೆ 1861ರಿಂದ ಬಂದಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿದ್ದಾರೆ. ತಪ್ಪಿದ ಈಡಿಗೆ ತೆಂಗಿನಕಾಯಿ ಹಳ್ಳದ ದಂಡೆಗೆ ಹೋಗಿ ನಾಲ್ಕು ದಿನ ನರಳುವುದಿಲ್ಲ.

ಈಗ ಪಶ್ಚಿಮದಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಹೊಸದೊಂದು ಹುರುಪು ಹಬ್ಬಿದೆ. ಬೆಳಕಿನ ಕಿರಣದಿಂದ ದೂರವನ್ನು ಗಜದ ಲೆಕ್ಕದಲ್ಲಿ ಅಳೆಯುವ ಸಾಧನ, ಬೀಳುವಿಕೆಯನ್ನು ಕ್ಷಣದಲ್ಲಿ ಗುಣಿಸಿ ಹೇಳುವ ಯಂತ್ರ, ಇವೆಲ್ಲ ಕೈಗೆಟುಕುವ ಬೆಲೆಗೆ ಸಿಗುತ್ತಿವೆ. ಎಂಟು ನೂರು, ಸಾವಿರ ಗಜದಿಂದ ಜಿಂಕೆ ಹೊಡೆದೆವೆಂದು ಹೇಳಿಕೊಳ್ಳುವವರಿದ್ದಾರೆ. ಥಿಯೋಡರ್ ರೂಸ್ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಬೇಟೆಗಾರರದೇ ಸಂಘ, ಇದನ್ನು ಒಪ್ಪುವುದಿಲ್ಲ. ಕಣ್ಣು ಕಿವಿ ಮೂಗುಗಳಿಂದ ತನ್ನನ್ನು ಕಾಪಾಡಿಕೊಳ್ಳುವ ಅವಕಾಶವೇ ಪ್ರಾಣಿಗೆ ಇಲ್ಲವಾಗುತ್ತದೆಂಬುದು ಅದರ ವಾದ. ನನಗೆ ತೋರುವ ಆಕ್ಷೇಪ ಇನ್ನೂ ಸರಳ. ಯಂತ್ರ ದೂರವನ್ನು ಹೇಳುತ್ತದೆ. ನಡುಕಣಿವೆಯ ಗಾಳಿಯನ್ನು ಪೂರ್ತಿಯಾಗಿ ಹೇಳಲಾರದು, ಜಿಂಕೆಯ ಮುಂದಿನ ಹೆಜ್ಜೆಯನ್ನಂತೂ ಹೇಳಲೇ ಆರದು. ಕಾಗದಕ್ಕೆ ಸಾವಿರ ಗಜದಿಂದ ಹೊಡೆಯುವುದು ಬಹಳ ಸುಂದರವಾದ ವಿದ್ಯೆ. ಅದನ್ನು ಕಾಗದಕ್ಕೇ ಮೀಸಲಿಡಬಹುದು.

ದಶರಥನ ಶಬ್ದವೇಧಿಯನ್ನು ನೆನೆಯಿರಿ. ನದಿಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನು. ಅವನ ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಾಣದ ದೂರಕ್ಕೆ ಕೈ ಎಟುಕುತ್ತದೆಂಬ ವಿದ್ಯೆಯೇ ಅವನನ್ನು ಕೆಡಿಸಿತು. ಬಾಣ ಸರಿಯಾಗಿ ಹೋಗಿ ನಟ್ಟದ್ದು ಕುರುಡು ತಂದೆತಾಯಿಗಳ ಮಗನಿಗೆ.

ಎಸ್ಟೇಟಿನ ಎರಡನೆಯ ದಿನ ವೈದ್ಯರೂ ಸ್ಟಾಕರನೂ ಬೆಳಗ್ಗೆಯೇ ಬೆಟ್ಟ ಹತ್ತಿದರು. ನನ್ನ ಮಂಡಿಗಳು ಒಪ್ಪಲಿಲ್ಲ. ನಾನು ಕೆಳಗಿನ ಕಲ್ಲುಮನೆಯ ಬಾಗಿಲಲ್ಲಿ ಕುಳಿತು ದುರ್ಬೀನಿನಿಂದ ನೋಡುತ್ತಿದ್ದೆ. ಬೆದೆಯ ಕಾಲ, ಗಂಡುಗಳ ಗುಟುರು ಕಣಿವೆಯಲ್ಲೆಲ್ಲ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದು ದಿಣ್ಣೆಯ ಹಿಂದೆ ಮಲಗಿದ್ದು ಕಾಣಿಸಿತು. ಎದುರಿನ ಇಳಿಜಾರಿನಲ್ಲಿ ದೊಡ್ಡ ಕೊಂಬಿನ ಗಂಡೊಂದು ಪಕ್ಕೆಯೊಡ್ಡಿ ನಿಂತಿತ್ತು. ಇಪ್ಪತ್ತು ನಿಮಿಷ ಕಳೆಯಿತು. ಸದ್ದು ಬರಲಿಲ್ಲ. ಆಮೇಲೆ ಸ್ಟಾಕರ್ ಕೈಚಾಚಿ ರೈಫಲನ್ನು ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ತೆವಳುತ್ತ ಹಿಂದೆ ಸರಿದರು. ಜಿಂಕೆ ಮೇಯುತ್ತಲೇ ಇತ್ತು.

ಸಂಜೆ ತೊಯ್ದು ತೊಪ್ಪೆಯಾಗಿ ಬಂದರು. ಏನಾಯಿತೆಂದು ಕೇಳಿದೆ. ಇನ್ನೂರೆಂಬತ್ತು ಗಜ, ನಡುವೆ ಹತ್ತಿರವಾಗಲು ಮರೆಯಿಲ್ಲ, ಗಾಳಿ ಬೇರೆ ಸುತ್ತುತ್ತಿತ್ತು ಎಂದ ಸ್ಟಾಕರ್. ವೈದ್ಯರು ಬೂಟು ಬಿಚ್ಚುತ್ತ ಏನೂ ಹೇಳಲಿಲ್ಲ. ಮುಖದಲ್ಲಿ ಸ್ವಲ್ಪ ಬೇಸರವಿತ್ತು. ಸ್ಟಾಕರ್ ಜೇಬಿನಿಂದ ಬಳಸದೆ ಉಳಿದ ತೋಟಾಗಳನ್ನು ತೆಗೆದು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಒಂದು ಗುಂಡೂ ಹಾರಿಸದ ಆ ರೈಫಲಿನ ನಳಿಗೆಯನ್ನು, ಮಳೆಯ ನೀರು ಹೊಕ್ಕಿದೆಯೆಂದು, ಎಣ್ಣೆಬಟ್ಟೆ ಹಾಕಿ ಒರಸಲು ಕುಳಿತ.