ದನ ಮೇಯ್ದ ತಾಕಿನ ಲೆಕ್ಕ

ಮೂರು ಜೋಳದ ತಳಿಗಳನ್ನು ಹೋಲಿಸಿ ನೋಡಲು ಹೊಲದಲ್ಲಿ ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಮೂರನ್ನೂ ಬಿತ್ತಿದಿರೆನ್ನಿ. ರಾಶಿಯ ತೂಕ ಕಿಲೋಗಳಲ್ಲಿ ಹೀಗೆ ಬಂದಿತು: ಮೊದಲ ಪಟ್ಟಿಯಲ್ಲಿ 10, 12, 14, ಎರಡನೆಯದರಲ್ಲಿ 12, 14, ಮೂರನೆಯದರಲ್ಲಿ 8, 10, 12. ಎರಡನೆಯ ಪಟ್ಟಿಯ ಮೂರನೆಯ ತಳಿಯನ್ನು ದನ ನುಗ್ಗಿ ಮೇಯ್ದುಬಿಟ್ಟಿದೆ.

ಅಲ್ಲಿ ಸೊನ್ನೆ ಬರೆದರೆ ಆ ತಳಿಯ ಮೊತ್ತ 26 ಮಾತ್ರ; ಉಳಿದವು 30 ಮತ್ತು 36. ಎಲ್ಲಕ್ಕಿಂತ ಒಳ್ಳೆಯ ಬೀಜವನ್ನೇ ಕೈಬಿಟ್ಟಂತಾಯಿತು! ಅದರ ಉಳಿದೆರಡು ತಾಕುಗಳ ಸರಾಸರಿ 13 ಎಂದು ಬರೆದರೂ ಸರಿಯಾಗದು. ಎರಡನೆಯ ಪಟ್ಟಿಯ ನೆಲವೇ ಹೆಚ್ಚು ಫಲವತ್ತಾದುದು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಿಂದ 1930ರಲ್ಲಿ ಅಲನ್ ಮತ್ತು ವಿಶಾರ್ಟ್ ಎಂಬವರು ಇದಕ್ಕೆ ದಾರಿ ತೋರಿದರು. 1933ರಲ್ಲಿ ಯೇಟ್ಸ್ ಅದನ್ನು ವಿಸ್ತರಿಸಿದರು. ಆ ತಳಿಯ ಉಳಿದ ಮೊತ್ತವನ್ನು ತಳಿಗಳ ಸಂಖ್ಯೆಯಿಂದಲೂ, ಆ ಪಟ್ಟಿಯ ಉಳಿದ ಮೊತ್ತವನ್ನು ಪಟ್ಟಿಗಳ ಸಂಖ್ಯೆಯಿಂದಲೂ ಗುಣಿಸಿ ಕೂಡಿಸಿರಿ. ಅದರಲ್ಲಿ ಎಲ್ಲ ತಾಕುಗಳ ಮೊತ್ತವನ್ನು ಕಳೆಯಿರಿ: 78 + 78 − 92 = 64. ತಳಿಗಳಲ್ಲಿ ಒಂದು, ಪಟ್ಟಿಗಳಲ್ಲಿ ಒಂದು ಕಡಿಮೆ ಮಾಡಿ ಗುಣಿಸಿದರೆ 2 × 2 = 4. ಭಾಗಿಸಿದರೆ 16. ಈಗ ಆ ತಳಿಯ ಮೊತ್ತ 42, ಅದೇ ಮುಂದು.

ಆದರೆ ಈ 16 ಹೊಲದಲ್ಲಿ ಬೆಳೆದುದಲ್ಲ, ಲೆಕ್ಕಕ್ಕೆ ಕೊಟ್ಟ ಊರುಗೋಲು. ವಹಿಯಲ್ಲಿ ಅದಕ್ಕೆ ಗುರುತು ಹಾಕಿಡಿರಿ. ಇನ್ನೊಂದು ಮಾತು: ಬೆಳೆ ಹೋದದ್ದು ಆ ತಳಿಗೇ ತಗುಲುವ ರೋಗದಿಂದಾದರೆ ಸೊನ್ನೆಯೇ ನಿಜವಾದ ಫಲ, ಅದನ್ನು ತುಂಬಬಾರದು. ಆದುದರಿಂದ ತೂಕದಷ್ಟೇ ಮುಖ್ಯವಾಗಿ, ಹೋದ ಕಾರಣವನ್ನೂ ಅಂದೇ ಬರೆದಿಡಿರಿ.